ಕಾಕು ಕಟ್ಟಿದ ಕಾಮಣಿ ಮಾಲೆ

ಕಳೆದ ತಿಂಗಳು ಸಿಂದಗಿಯಿಂದ ಇಂಡಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಒಬ್ಬ ನಡುವಯಸ್ಸಿನ ಗಂಡಸು ಬಂದು ಕೂತ. ಕೊರಳಲ್ಲಿ ಬಿಳಿ ದಾರದಿಂದ ಕಟ್ಟಿದ ಸಣ್ಣ ಸಣ್ಣ ಕಡ್ಡಿಗಳ ಮಾಲೆ. ಕಣ್ಣು ಹಳದಿ. ಹಸಿ ಕಡ್ಡಿ ಒಣಗುವಾಗ ಬರುವ ಆ ಕಹಿ ವಾಸನೆ ಮೂಗಿಗೆ ಬಡಿಯಿತು. ಪಕ್ಕದವರು ಕೇಳಿದ್ದಕ್ಕೆ ಅವನು, "ಮಾಲಿ ಎದಿಗೆ ಇಳೀತಂದ್ರ ಆರಾಮ ಆಗತೈತಂತ್ರಿ" ಅಂದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಇಷ್ಟು ವರ್ಷವಾದರೂ ಆ ವಾಸನೆ ನನಗೆ ಆಗುವುದಿಲ್ಲ.

ಇಂಡಿಯಲ್ಲಿ ನಮ್ಮ ತವರುಮನೆಯ ಎದುರಿಗೇ ಕಾಕುವಿನ ಮನೆ. ರಕ್ತಸಂಬಂಧವೇನೂ ಇಲ್ಲ, ನಮ್ಮ ಓಣಿಯಲ್ಲಿ ಅವ್ವನ ವಯಸ್ಸಿನ ಹೆಂಗಸರೆಲ್ಲ ಕಾಕುಗಳೇ. ಆದರೆ ನಾನು ಬರೀ "ಕಾಕು" ಅಂದರೆ ಅದು ಅವಳೊಬ್ಬಳೇ. ನನ್ನ ತಲೆ ಬಾಚುತ್ತ, "ನಿನ್ನ ಕೂದಲಾ ಏನ ಹೊಲದಾನ ಕರಕಿ ಏನವಾ" ಎಂದು ರೇಗಿಸುತ್ತಿದ್ದಳು. ಗಟ್ಟಿ ನಗೆ, ಗಟ್ಟಿ ಕೈ...

ಅವರದು ಔಷಧದ ಮನೆತನ. ಕಾಮಾಲೆಗೆ ನಮ್ಮ ಕಡೆ ಕಾಮಣಿ ಎನ್ನುತ್ತಾರೆ. ರವಿವಾರ ಬೆಳಗಾದರೆ ಲಚ್ಯಾಣ, ಚಡಚಣ, ಅತ್ತ ಮಸೂತಿ ಊರಿನಿಂದಲೂ ಜನ ಬಂದು ಅವರ ಬಾಗಿಲಲ್ಲಿ ಕೂರುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂದು ಲೋಕ ಹೇಳುತ್ತದೆ, ಆ ಮನೆಯಲ್ಲಿ ಮಾತ್ರ ಹಿತ್ತಲ ಬಳ್ಳಿಯೇ ಮದ್ದು. ದುಡ್ಡು ಮುಟ್ಟಿದರೆ ಔಷಧದ ಗುಣ ಹೋಗುತ್ತದೆಂದು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಮರ್ಯಾದೆಯನ್ನು ಮಾತ್ರ ಎರಡೂ ಕೈಯಿಂದ ತೆಗೆದುಕೊಳ್ಳುತ್ತಿದ್ದರು.

ಬಳ್ಳಿಯ ಕಡ್ಡಿಗಳನ್ನು ಕತ್ತರಿಸಿ ದಾರದಲ್ಲಿ ಗಂಟು ಹಾಕಿ ಮಾಲೆ ಮಾಡುವುದು ಸೊಸೆಯಾದ ಕಾಕುವಿನ ಕೆಲಸ. ಶನಿವಾರ ಸಂಜೆ ನಾನೂ ಅವಳ ಪಕ್ಕ ಕೂತು ಕಡ್ಡಿ ಕೊಡುತ್ತಿದ್ದೆ. ಬಾಯಲ್ಲಿ ಏನೋ ಗುಣುಗುಣಿಸುತ್ತ ಅದನ್ನು ರೋಗಿಯ ನೆತ್ತಿಯ ಮೇಲಿಡುವ ಅಧಿಕಾರ ಅವಳ ಅತ್ತೆಯದು. ಮೊದಲು ಬಳೆಯಷ್ಟು ಇರುತ್ತಿದ್ದ ಮಾಲೆ ದಿನದಿನಕ್ಕೆ ಉದ್ದವಾಗಿ ಕೊರಳಿಗೆ ಇಳಿಯುತ್ತಿತ್ತು, ಆಮೇಲೆ ಎದೆಗೆ. ಮಾಲೆ ರೋಗವನ್ನು ಕುಡಿದು ಬೆಳೆಯುತ್ತದೆ ಎಂದು ಜನ ಕೈ ಮುಗಿಯುತ್ತಿದ್ದರು. ಉಪ್ಪಿಲ್ಲದ ನುಚ್ಚು, ಮಜ್ಜಿಗೆ ಉಂಡು ಮನೆಯಲ್ಲಿ ಮಲಗಿದವರು ಆರಾಮವಾಗಿ, ಮುಂದೊಂದು ರವಿವಾರ ತೆಂಗಿನಕಾಯಿ ಹಿಡಿದು ಬಂದು ಅತ್ತೆಯ ಕಾಲಿಗೆ ಬೀಳುತ್ತಿದ್ದರು.

ಆಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ಕಾಕು ಕೂತಲ್ಲೇ ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಒತ್ತಿಕೊಳ್ಳುವುದನ್ನು ಕಂಡಿದ್ದೆ. ಉಂಡ ಮೇಲೆ ನೋವು ಜಾಸ್ತಿ. ಆಮೇಲೆ ಕಣ್ಣು ಹಳದಿಯಾಯಿತು. ಮೈಯೆಲ್ಲ ತುರಿಕೆ, ತೋಳಿನ ತುಂಬ ಉಗುರಿನ ಗೀರು. ಮಲ ಸುಣ್ಣದ ಬಣ್ಣದ್ದಾಗಿದೆ ಎಂದು ನನ್ನ ಅವ್ವನ ಹತ್ತಿರ ಮಾತ್ರ ಹೇಳಿದ್ದಳು. ಅತ್ತೆ ಮಾಲೆ ಕಟ್ಟು ಅಂದಳು. ಆ ಮನೆಯಲ್ಲಿ ಆ ಗಂಟು ಬರುತ್ತಿದ್ದುದು ಕಾಕುವಿಗೊಬ್ಬಳಿಗೇ. ತನ್ನ ಮಾಲೆಯನ್ನು ತಾನೇ ಕಟ್ಟಿಕೊಂಡಳು.

ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು ಕೊರಳಿನ ಮಾಲೆ ಎತ್ತಿ ತೋರಿಸಿದಳು. "ಈ ಗಂಟ ನಾನ ಹಾಕೇನಿ. ಕಡ್ಡಿ ಒಣಗಿ ಸಣ್ಣ ಆದ್ರ ದಾರ ಸಡ್ಲ ಆಗತೈತಿ, ಮಾಲಿ ಉದ್ದ ಆಗತೈತಿ. ಗ್ವಾಡಿ ಮ್ಯಾಲಿನ ಮೊಳಿಗೆ ತೂಗಹಾಕಿದ್ರೂ ಆಗತೈತಿ." ನಕ್ಕಳು. ಆಮೇಲೆ ದನಿ ಇಳಿಸಿ, "ನನ್ನ ವಿಜಾಪುರಕ್ಕ ಕರಕೊಂಡ ಹೋಗ್ರಿ ಅಂತ ನಿಮ್ಮಪ್ಪನ ಕಡೆಯಿಂದ ಹೇಳಸವಾ. ನನ್ನ ಮಾತ ಇಲ್ಲಿ ನಡ್ಯಾಂಗಿಲ್ಲ" ಅಂದಳು.

ಅಪ್ಪ ಅಂದೇ ಹೋಗಿ ಹೇಳಿದ. ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಎದ್ದು ಕೂಡ ನಿಲ್ಲಲಿಲ್ಲ. "ನಮ್ಮನಿ ಸೊಸಿನೇ ದವಾಖಾನಿ ಹತ್ತಿದ್ಲಂದ್ರ ನಾಳೆ ನಮ್ಮ ಬಾಗಲಕ್ಕ ಯಾರ ಬರ್ತಾರ್ರಿ?" ಅಂದಳು. ಅಲ್ಲೇ ಇದ್ದ ಕಾಕುವಿನ ಗಂಡ, ಕಾಕಾ, ತನ್ನ ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಲಿಲ್ಲ. ಪರರ ಮನೆಯ ಸೊಸೆಯನ್ನು ನಾವು ಹೊತ್ತೊಯ್ಯುವುದು ಹೇಗೆ ಎಂದು ಅಪ್ಪ ಹಲ್ಲು ಕಚ್ಚಿಕೊಂಡು ತಿರುಗಿ ಬಂದ.

ಆಮೇಲೆ ಚಳಿಜ್ವರ ಶುರುವಾಯಿತು. ಮೂರು ಕೌದಿ ಹೊದಿಸಿದರೂ ಕಾಕುವಿನ ಹಲ್ಲು ಕಟಕಟ ಅನ್ನುತ್ತಿತ್ತು. ಅದೇ ಹೊತ್ತಿಗೆ ಮಾಲೆ ಎದೆಗೆ ಇಳಿದಿತ್ತು. ಅತ್ತೆ ಓಣಿಯ ಹೆಂಗಸರನ್ನು ಕರೆದು ತೋರಿಸಿದಳು, ಎಲ್ಲರ ಕೈಗೂ ಸಕ್ಕರೆ ಹಾಕಿದಳು. ನನ್ನ ಕೈಗೂ ಹಾಕಿದಳು... ಕಾಕು ಮಾತು ತಪ್ಪಿ ಏನೇನೋ ಅನ್ನತೊಡಗಿದ ಮೇಲೆ ಜೀಪು ಬಂತು. ವಿಜಾಪುರದ ಡಾಕ್ಟರರು ಬೈದರಂತೆ. ಪಿತ್ತದ ನಾಳದಲ್ಲಿ ಕಲ್ಲು ಸಿಕ್ಕಿ, ಹಿಂದೆ ಕೀವು ತುಂಬಿ, ನಂಜು ರಕ್ತಕ್ಕೆ ಏರಿತ್ತು. ಮೊದಲೇ ತಂದಿದ್ದರೆ ಕಲ್ಲು ತೆಗೆದು ಮನೆಗೆ ಕಳಿಸುತ್ತಿದ್ದೆವು ಅಂದರಂತೆ. ಕಾಕು ಹೆಣವಾಗಿ ಓಣಿಗೆ ಬಂದಳು. ಮಾಲೆ ಕೊರಳಲ್ಲೇ ಇತ್ತು.

ಕಾಮಣಿ ಅನ್ನುವುದು ರೋಗವಲ್ಲ, ಒಳಗೆ ಏನೋ ಕೆಟ್ಟಿದೆ ಎಂದು ಮೈ ಹೇಳುವ ಮಾತು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ನನ್ನ ಮಗಳ ಕಣ್ಣು ಹಳದಿಯಾದಾಗ. ಅವಳದು ಹೊಲಸು ನೀರಿನಿಂದ ಬಂದದ್ದು. ಸಿಂದಗಿಯ ಡಾಕ್ಟರರು ರಕ್ತ ನೋಡಿ, ಹೊಟ್ಟೆ ಸ್ಕ್ಯಾನ್ ಮಾಡಿಸಿ, ವಿಶ್ರಾಂತಿ ಕೊಡಿ, ಕಾಸಿದ ನೀರು ಕುಡಿಸಿ, ಇದು ಬಹಳ ಜನರಿಗೆ ತಾನಾಗಿಯೇ ಇಳಿಯುತ್ತದೆ ಅಂದರು. ಹಾಗೆಯೇ ಇಳಿಯಿತು. ಆ ಬಾಗಿಲಿಗೆ ಬರುತ್ತಿದ್ದವರಲ್ಲಿ ಬಹಳ ಮಂದಿಯದು ಇಂಥದ್ದೇ ಇರಬೇಕು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗುತ್ತಿತ್ತು, ಹೆಸರು ಕಾಗೆಗೆ ಬರುತ್ತಿತ್ತು. ಕಲ್ಲು ಕೂತ ನಾಳ ಮಾತ್ರ ಯಾರ ಮರ್ಯಾದೆಗೂ ತಾನಾಗಿ ತೆರೆಯುವುದಿಲ್ಲ.

ಅಂದು ಬಸ್ಸಿನಲ್ಲಿ ನಾನು ಹೊರಟಿದ್ದು ಕಾಕಾನನ್ನು ನೋಡುವುದಕ್ಕೇ. ಅವನಿಗೂ ಪಿತ್ತದ ಕಲ್ಲು, ಅವನ ಕಣ್ಣೂ ಹಳದಿಯಾಗಿತ್ತು. ವಿಜಾಪುರದ ಅದೇ ದವಾಖಾನೆಯಲ್ಲಿ ತೆಗೆಸಿಕೊಂಡು ಮನೆಗೆ ಬಂದಿದ್ದ. ಹೋಗಲು ಮನಸ್ಸಿರಲಿಲ್ಲ, ಅವ್ವನ ಒತ್ತಾಯಕ್ಕೆ ಹೋದೆ. ಬಾಳೆಹಣ್ಣು ಕೊಟ್ಟು ಕೂತೆ. "ಈಗ ಭಾಳ ಸುಧಾರಿಸ್ಯಾರ ನೋಡವಾ. ಬಾಯಾಗಿಂದ ಪೈಪ್ ಬಿಟ್ಟು ಕಲ್ಲ ತಗದ್ರು. ಆಕಿಯ ಕಾಲಕ್ಕ ಇದೆಲ್ಲಾ ಎಲ್ಲಿತ್ತು?" ಅಂದ ಕಾಕಾ.

"ಆಗೂ ಇತ್ತರಿ ಕಾಕಾ" ಅಂದೆ.

ಮೂಲೆಯಲ್ಲಿ ಅತ್ತೆ, ಈಗ ಹಣ್ಣುಹಣ್ಣು ಮುದುಕಿ, ಗೋಡೆಗೆ ಒರಗಿ ಕೂತಿದ್ದಳು. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ವಿಜಾಪುರದವರೆಗೆ ಹೋದವಳು ಅವಳೇ ಎಂದು ಅವ್ವ ಹೇಳಿದ್ದಳು. ಮಗನಿಗೆ ಮಾಲೆ ಹಾಕಲಿಲ್ಲವೇ ಎಂದು ನಾನು ಕೇಳಿಯೇಬಿಟ್ಟೆ.

"ಇವ್ಗ ಜ್ವರಾ ಬಂದಿತ್ತಲ್ಲವಾ" ಅಂದಳು ಮುದುಕಿ. "ನನಗ ಹೆದರಿಕಿ ಆತು."

ಜ್ವರ ಕಾಕುವಿಗೂ ಬಂದಿತ್ತು. ಆಗ ಆ ಮನೆಯಲ್ಲಿ ಯಾರಿಗೂ ಹೆದರಿಕೆ ಆಗಿರಲಿಲ್ಲ.