ಕಣ್ಣಳತೆಯ ಅತ್ತೆ

ನಮ್ಮತ್ತೆಗೆ ಅಳತೆಯ ಲೋಟ ಕಂಡರೆ ಮೈಯೆಲ್ಲ ಉರಿ. ಬೇಸಿಗೆಯಲ್ಲಿ ಪೀಚ್ ಹಣ್ಣು ಬಂತೆಂದರೆ ಮನೆಯಲ್ಲಿ ಕಾಬ್ಲರ್ ಆಗಲೇಬೇಕು. ಹಣ್ಣಿನ ಹೋಳುಗಳ ಮೇಲೆ ಹಿಟ್ಟು ಹರಡಿ ಓವನ್ನಿಗಿಡುವ ಇಷ್ಟು ಸುಲಭದ ತಿನಿಸನ್ನೂ ನಾನು ತಕ್ಕಡಿ, ಗಡಿಯಾರ ಇಟ್ಟುಕೊಂಡು ಮಾಡುತ್ತೇನೆ. ಆಗುವುದು ಒಮ್ಮೆ ಅಂಟು, ಒಮ್ಮೆ ಇಟ್ಟಿಗೆ. "ನಂದೆಲ್ಲ ಕಣ್ಣಳತೆ ಕಣಮ್ಮ, ನೋಡಿ ಕಲ್ತ್ಕೋ" ಎಂದು ತೋಳೇರಿಸುವ ಅತ್ತೆ ಬೆಣ್ಣೆಯನ್ನು ಬೈಯುತ್ತಾರೆ, ಹಣ್ಣನ್ನು ಮುದ್ದಿಸುತ್ತಾರೆ, ಓವನ್ನಿನ ಬೆನ್ನಿಗೊಂದು ಗುದ್ದುತ್ತಾರೆ. ಸಕ್ಕರೆ ಡಬ್ಬಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಅವರ ಕಿವಿ ನೆಟ್ಟಗಾಗುತ್ತದೆ: "ಮಗು ಅತ್ತಂಗಾಯ್ತು, ಓಡು!" ಜೀವ ಬಾಯಿಗೆ ಬಂದು ನಾನು ಓಡುತ್ತೇನೆ. ಮಗು ಗೊರಕೆ ಹೊಡೆಯುತ್ತಿದ್ದರೂ ಉಸಿರಾಡುತ್ತಿದೆಯೇ ಎಂದು ಎರಡೆರಡು ಸಲ ನೋಡಿ ಬರುವಷ್ಟರಲ್ಲಿ ಕಾಬ್ಲರ್ ಓವನ್ನಿನೊಳಗೆ. "ನಿಮ್ಮಮ್ಮ ಗುಟ್ಟು ಬಿಟ್ಟುಕೊಡಲ್ಲ" ಎಂದು ಗಂಡನ ಹತ್ತಿರ ಎಷ್ಟು ಗೊಣಗಿದ್ದೇನೋ. ಮೊನ್ನೆ ಗಂಡ ಮಗುವನ್ನು ಎತ್ತಿಕೊಂಡು ಪೇಟೆಗೆ ಹೋಗಿದ್ದಾಗಲೂ ಅತ್ತೆ ಅದೇ ಅಂದರು: "ಮಗು ಅತ್ತಂಗಾಯ್ತು!" ಈ ಸಲ ಸಿಕ್ಕಿಬಿದ್ದರು ಎಂದುಕೊಂಡು ನಾನು ಬಾಗಿಲ ಮರೆಯಿಂದ ಇಣುಕಿದೆ. ಅತ್ತೆ ಕನ್ನಡಕ ಏರಿಸಿ, ಜೇಬಿನಿಂದ ಚೀಟಿ ತೆಗೆದು, ಪಿಸುಗುಟ್ಟುತ್ತ ಓದುತ್ತಿದ್ದರು: "ಬೆಣ್ಣೆ ಆಯ್ತು. ಸಕ್ಕರೆ... ಹಾಕಿದ್ನಾ?" ಹಿಟ್ಟನ್ನು ಬೆರಳಲ್ಲಿ ನೆಕ್ಕಿ ನೋಡಿ, ಚೀಟಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರು. ಕೊನೆಯ ಸಾಲನ್ನು ಎರಡು ಸಲ ಓದಿದರು: "ಪೂರ್ತಿ ಮರೆಯೋ ಮುಂಚೆ ಸೊಸೆಗೆ ಕಲಿಸು." ಅದಕ್ಕೆ ಗುರುತು ಹಾಕಲಿಲ್ಲ. ನಾನು ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಸರಿದು, ಖಾಲಿ ತೊಟ್ಟಿಲ ಪಕ್ಕ ನಿಂತು ಕೂಗಿದೆ: "ಮಗು ತುಂಬಾ ಹಟ ಮಾಡ್ತಿದೆ ಅತ್ತೆ, ನೀವು ನಿಧಾನಕ್ಕೆ ಮಾಡಿ!"