ಎರಡು ವಿದ್ಯೆಯವರ ಹಾಳೆ ನೋಡುವ ಸ್ಕೇಲಕ್ಕ

ಬೆಳಗಿನ ಐದೂಮುಕ್ಕಾಲು. ಆಟದ ಸಾಮಾನು ಮಾರುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಕೂತ ಹೆಂಗಸು ಹಾಳೆಯ ಮೇಲೆ ಮರದ ಸ್ಕೇಲ್ ಇಟ್ಟು, ಒಂದೊಂದೇ ಸಾಲು ಕೆಳಗೆ ಸರಿಸುತ್ತಾ ಓದುತ್ತಿದ್ದಾರೆ. ಒಟ್ಟು ನಲವತ್ತೆರಡು ಹಾಳೆ. ಹದಿನೇಳನೆಯದರಲ್ಲಿ ಸ್ಕೇಲ್ ನಿಲ್ಲುತ್ತದೆ.

"ಅಯ್ಯೋ ದೇವರೇ, ಏನು ಮಾಡ್ಬಿಟ್ಟೆ ನಾನು!"

ನಾನು ಬಂದದ್ದು ಪತ್ರಿಕೆಗೆ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಲು. ಬಂದ ಹತ್ತೇ ನಿಮಿಷಕ್ಕೆ ಹೀಗಾಯಿತು.

ಇಲ್ಲಿ ಎಲ್ಲರೂ ಅವರನ್ನು ಸ್ಕೇಲಕ್ಕ ಎನ್ನುತ್ತಾರೆ. ವಾರವಿಡೀ ಔಷಧಿ ಬಾಟಲಿಯ ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ತಪ್ಪು ಹುಡುಕುವ ಕೆಲಸ. ಭಾನುವಾರ ಇಲ್ಲಿ, ಮೇಜಿನ ಸುತ್ತ ಕೂತು ಆಡುವ ಕಥೆಯಾಟದ ನಿಯಮ ಹೇಳುವ ಕೆಲಸ. ಆಡುವ ಒಬ್ಬೊಬ್ಬರಿಗೂ ಒಂದೊಂದು ಪಾತ್ರ: ಯೋಧ, ವೈದ್ಯೆ, ಮಾಂತ್ರಿಕ, ಹೀಗೆ. ಪಾತ್ರದ ಬಲಾಬಲವೆಲ್ಲ ಒಂದು ಹಾಳೆಯಲ್ಲಿರುತ್ತದೆ, ದಾಳ ಉರುಳಿದಂತೆ ಕಥೆ ಸಾಗುತ್ತದೆ. ಹಾಳೆಗೆ ಸ್ಕೇಲಕ್ಕನ ಸಹಿ ಬಿತ್ತೆಂದರೆ ಮುಗಿಯಿತು, ಯಾರೂ ಕೊಂಕು ತೆಗೆಯುವಂತಿಲ್ಲ. ಪಾತ್ರ ಸತ್ತರೆ ಆ ಹಾಳೆಯನ್ನು ಮಗುಚಿ, ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಗೆ ಹಾಕುತ್ತಾರೆ. ಒಳಗೆ ಹೋದದ್ದನ್ನು ಮತ್ತೆ ತೆಗೆಯುವ ಪದ್ಧತಿಯಿಲ್ಲ.

ದಿನಕ್ಕೆ ಅರವತ್ತು ಎಪ್ಪತ್ತು ಪ್ರಶ್ನೆ ಬರುತ್ತವೆ. ಅರ್ಧಕ್ಕರ್ಧ ಎರಡು ವಿದ್ಯೆ ಕಲಿತ ಪಾತ್ರಗಳ ಮಂತ್ರದ್ದೇ. ನನಗಂತೂ ಮೊದಲು ತಲೆಬುಡ ಅರ್ಥವಾಗಲಿಲ್ಲ. ಮಂತ್ರ ಹಾಕುವ ಶಕ್ತಿಯನ್ನು ಆಡುವವರು ಸ್ಲಾಟ್ ಅನ್ನುತ್ತಾರೆ. ವೈದ್ಯದಲ್ಲಿ ಮೂರು ಮೆಟ್ಟಿಲು, ಮಾಯಾವಿದ್ಯೆಯಲ್ಲಿ ಮೂರು ಮೆಟ್ಟಿಲು ಹತ್ತಿದವಳಿಗೆ ಎರಡೂ ಕೂಡಿಸಿ, ಆರು ಮೆಟ್ಟಿಲಿನವಳಿಗೆ ಸಿಗುವ ದೊಡ್ಡ ಸ್ಲಾಟ್ ಸಿಗುತ್ತದೆ. ಆದರೆ ಮಂತ್ರ ಕಲಿಯುವಾಗ ಕೂಡಿಸುವಂತಿಲ್ಲ. ಯಾವ ವಿದ್ಯೆಯಲ್ಲಿ ಎಷ್ಟು ಹತ್ತಿದ್ದಾಳೋ ಅಷ್ಟರ ಮಂತ್ರ ಮಾತ್ರ.

"ಪಾತ್ರೆ ದೊಡ್ಡದಾಯ್ತು ಅಂತ ಬರದೇ ಇರೋ ಅಡುಗೆ ಬಂದ್ಬಿಡುತ್ತಾ?" ಎನ್ನುತ್ತಾರೆ ಸ್ಕೇಲಕ್ಕ. "ಬರೋ ಅಡುಗೇನೇ ಜಾಸ್ತಿ ಮಾಡ್ಬಹುದು, ಅಷ್ಟೇ."

ಅದೇ ಸ್ಕೇಲಕ್ಕ ಹದಿನೇಳನೆಯ ಹಾಳೆಯಲ್ಲಿ ಎಡವಿದ್ದಾರೆ. ಆ ಹಾಳೆಯಲ್ಲಿ ಸತ್ತವರನ್ನು ಎಬ್ಬಿಸುವ ಮಂತ್ರವಿದೆ. ಅದನ್ನು ಕಲಿಯಲು ವೈದ್ಯದಲ್ಲೇ ಐದು ಮೆಟ್ಟಿಲು ಬೇಕು. ಹಾಳೆಯಲ್ಲಿರುವವಳು ಹತ್ತಿರುವುದು ಮೂರು. ಹೋದ ತಿಂಗಳು ಅವಸರದಲ್ಲಿ ಒಟ್ಟು ಆರು ಎಂಬುದನ್ನಷ್ಟೇ ನೋಡಿ ಸಹಿ ಹಾಕಿಬಿಟ್ಟಿದ್ದಾರೆ.

ಇವತ್ತು ಈ ಸುತ್ತಿನ ಕೊನೆಯ ಪಂದ್ಯ, ಒಂದೊಂದು ಮೇಜೂ ಒಂದೊಂದು ತಂಡ. ಆ ಹಾಳೆ ಒಬ್ಬ ಹುಡುಗಿಯದು. ಅವಳ ಅಪ್ಪ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು, ಅದೇ ಮೇಜಿನಲ್ಲಿ ಆರು ವರ್ಷದಿಂದ ಒಬ್ಬನೇ ಯೋಧನನ್ನು ಆಡಿಸಿಕೊಂಡು ಬಂದಿದ್ದಾರೆ. ಕಳೆದ ಭಾನುವಾರ ಆಟ ನಿಂತಾಗ ಆ ಯೋಧ ಸತ್ತು ಬಿದ್ದಿದ್ದ. ಇವತ್ತಿನ ಮೊದಲ ಸರದಿ ಮಗಳದು. ಮಂತ್ರವಿದ್ದರೆ ಯೋಧ ಏಳುತ್ತಾನೆ, ಇಲ್ಲದಿದ್ದರೆ ಡಬ್ಬಿ.

"ಸಹಿ ಆಗಿದೆಯಲ್ಲ ಅಕ್ಕ, ಯಾರಿಗೆ ಗೊತ್ತಾಗುತ್ತೆ? ಬಿಟ್ಬಿಡಿ," ಎಂದೆ. ಹೇಳಬಾರದಿತ್ತು, ಬಾಯಿಗೆ ಬಂತು.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. "ಹೋದ ವಾರ ಆ ಕಿಟಕಿ ಪಕ್ಕದ ಟೇಬಲ್‌ನಲ್ಲಿ ಒಬ್ಬಳು ಇದೇ ಮಂತ್ರ ಕೇಳಿದ್ಲು. ಅವಳದ್ದೂ ಮೂರು ಮತ್ತು ಮೂರೇ. ಆಗಲ್ಲ ಅಂದೆ. ಅವಳ ಜೊತೆಗಾರ ಈಗ ಡಬ್ಬೀಲಿದಾನೆ. ಅವಳಿಗೆ ಯಾವ ಮುಖ ತೋರಿಸ್ಲಿ?"

ಆಟ ಶುರುವಾಗುವ ಒಂಬತ್ತಕ್ಕೆ ಇನ್ನೂ ಮೂರು ಗಂಟೆ. ಚಹಾ ಆರಿ ಕೆನೆ ಕಟ್ಟುತ್ತದೆ. ಮಿಕ್ಕ ಹಾಳೆಗಳನ್ನು ಓದುವಾಗ ಒಂದೊಂದು ಸಾಲಿಗೂ ಎರಡೆರಡು ಸಲ ಸ್ಕೇಲ್ ಇಡುತ್ತಾರೆ. ನಡುವೆ ಅವರ ಗಂಡ ತಿಂಡಿಯ ಡಬ್ಬಿ ತಂದುಕೊಟ್ಟು ನನ್ನ ಬಳಿ ದೂರುತ್ತಾರೆ: "ಮನೇಲಿ ಸಕ್ಕರೆ ಮುಗಿದಿದ್ದು ಇವಳಿಗೆ ಗೊತ್ತಾಗಲ್ಲ ಸಾರ್, ಯಾವ ಮಾಂತ್ರಿಕನ ಹತ್ರ ಎಷ್ಟು ಮಂತ್ರ ಉಳಿದಿದೆ ಅಂತ ಕೇಳಿ, ಪಟಪಟ ಹೇಳ್ತಾಳೆ." ಬೇರೆ ದಿನವಾಗಿದ್ದರೆ ಸ್ಕೇಲಕ್ಕ ತಿರುಗಿ ಒಂದು ಮಾತು ಅನ್ನುತ್ತಿದ್ದರೇನೋ. ಇವತ್ತು ತಿಂಡಿ ಡಬ್ಬಿಯ ಮುಚ್ಚಳವನ್ನೂ ತೆರೆಯುವುದಿಲ್ಲ.

ಒಂಬತ್ತಕ್ಕೆ ಕೋಣೆ ತುಂಬಿದೆ. ಹುಡುಗಿ ದಾಳ ಕೈಗೆತ್ತಿಕೊಳ್ಳುವ ಮೊದಲೇ ಸ್ಕೇಲಕ್ಕ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ: "ಈ ಹಾಳೆಗೆ ಸಹಿ ಹಾಕಿದ್ದು ನನ್ನ ತಪ್ಪು. ಆ ಮಂತ್ರ ನಿನಗೆ ಬರಲ್ಲಮ್ಮ."

ಹುಡುಗಿಯ ಮುಖ ಕೆಂಪಗಾಗುತ್ತದೆ. "ಅಪ್ಪನ್ನ ಉಳಿಸ್ಕೊಳ್ಳೋಕೆ ಅಂತಾನೇ ಅಲ್ವಾ ಇದನ್ನ ಆರಿಸಿದ್ದು? ನೀವೇ ತಾನೇ ಸರಿ ಅಂದಿದ್ದು? ಈಗ ಬಂದು ಹೇಳ್ತೀರಲ್ಲ!"

"ಹೌದು, ನಾನೇ. ಬೈಕೋ. ಆದ್ರೆ ಬರಲ್ಲ."

ಲಿಫ್ಟ್ ರಿಪೇರಿಯ ಯಜಮಾನರು ಮಗಳ ಹಾಳೆ ಎಳೆದುಕೊಂಡು, ಎರಡು ವಿದ್ಯೆಯ ಮೆಟ್ಟಿಲುಗಳನ್ನೂ ಬೆರಳಿಟ್ಟು ಎಣಿಸುತ್ತಾರೆ. ಮತ್ತೊಮ್ಮೆ ಎಣಿಸುತ್ತಾರೆ. ಆಮೇಲೆ ಆರು ವರ್ಷದ, ಮಡಿಕೆಗೆಲ್ಲ ಟೇಪು ಹಚ್ಚಿದ ತಮ್ಮ ಹಾಳೆಯನ್ನು ಮಗುಚಿ, ತಾವೇ ಎದ್ದು ಹೋಗಿ ಡಬ್ಬಿಗೆ ಹಾಕುತ್ತಾರೆ. ಸ್ಕೇಲಕ್ಕನ ಕಡೆ ನೋಡುವುದಿಲ್ಲ. ಅಂಗಡಿಯ ಬಾಗಿಲು ಅವರ ಹಿಂದೆ ಮುಚ್ಚಿಕೊಳ್ಳುತ್ತದೆ.

ಕಿಟಕಿ ಪಕ್ಕದ ಮೇಜಿನಿಂದ ಒಬ್ಬಳು ಬಂದು, ಒಂದು ಲೋಟ ನೀರನ್ನು ಸ್ಕೇಲಕ್ಕನ ಮುಂದಿಟ್ಟು ಹೋಗುತ್ತಾಳೆ. ಸ್ಕೇಲಕ್ಕ ಅದನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ.

ಸಂಜೆ ಆರಕ್ಕೆ ಕುರ್ಚಿ ಎತ್ತಿಡುತ್ತಿದ್ದಾರೆ. ಮಗಳ ತಂಡ ಸೋತಿದೆ. ನಾನು ಮಾಮೂಲಿ ಪ್ರಶ್ನೆ ಕೇಳುತ್ತೇನೆ, ನಿಮ್ಮದೇನು ಆಸೆ ಅಕ್ಕ ಅಂತ.

"ಆಸೆ ಏನಪ್ಪಾ? ನನ್ನ ಸಹಿ ನಂಬಿ ಯಾರೂ ಕೆಡಬಾರ್ದು. ಮುಂದಿನ ವಾರ ನನ್ನ ಹತ್ರ ಯಾರಾದ್ರೂ ಹಾಳೆ ತಂದ್ರೆ ಅದೇ ಹೆಚ್ಚು."

ಬಾಗಿಲ ಬಳಿ ಸದ್ದು. ಲಿಫ್ಟ್ ರಿಪೇರಿಯ ಯಜಮಾನರು, ಕೈಯಲ್ಲಿ ಹೊಸ ಹಾಳೆ. ದಪ್ಪ ಅಕ್ಷರದಲ್ಲಿ ತುಂಬಿಸಿದ್ದಾರೆ, ಮಂತ್ರಗಳನ್ನು ಎರಡು ಕಡೆ ಬೇರೆ ಬೇರೆಯಾಗಿ ಬರೆದಿದ್ದಾರೆ.

"ಯೋಧ ಬೇಡ್ವಾ ಅಣ್ಣ?" ಸ್ಕೇಲಕ್ಕ ಹಾಳೆಗೆ ಕೈ ಚಾಚುತ್ತಾರೆ.

"ಸಾಕು ಕತ್ತಿ. ಈ ಸಲ ಎರಡು ವಿದ್ಯೆಯವನು. ಕಷ್ಟ ಅಂತಾರೆ, ಆದ್ರೆ ನೋಡೋಳು ನೀನಲ್ವಾ? ಹಾಕು ಸಹಿ."

ಸ್ಕೇಲಕ್ಕ ಸ್ಕೇಲ್ ಎತ್ತಿಕೊಂಡು ಮೊದಲ ಸಾಲಿಗೆ ಇಡುತ್ತಾರೆ. ಸ್ವಲ್ಪ ಹೊತ್ತು ನೋಡಿ, ಕೆಳಗಿಡುತ್ತಾರೆ.

"ಇಟ್ಟು ಹೋಗಿ ಅಣ್ಣ. ಈಗ ಕಣ್ಣು ದಣಿದಿದೆ. ಬೆಳಿಗ್ಗೆ ನೋಡಿ ಹಾಕ್ತೀನಿ."