ಕೂಗಿನ ತೆಪ್ಪ

ಕಳೆದ ಭಾನುವಾರ ನನ್ನ ಸ್ವಂತ ತೆಪ್ಪ ಹತ್ತಲು ನಾನೇ ಕ್ಯೂ ನಿಂತೆ. ನನ್ನ ಮುಂದೆ ಇಬ್ಬರು ಹೆಂಗಸರು, ಒಂದು ಸೀಮೆಎಣ್ಣೆ ಸ್ಟೌ, ಒಂದು ಮೇಕೆ. ಮೇಕೆಗೆ ಜಾಗ ಸಿಕ್ಕಿತು. ನನಗೆ ಸಿಗಲಿಲ್ಲ.

'ಮುಂದಿನ್ ಟ್ರಿಪ್ಪಿಗೆ ಬನ್ನಿ ಸಾ' ಎಂದು ಹುಟ್ಟು ಹಾಕುತ್ತಲೇ ಕೂಗಿದ ಕೆಂಚಯ್ಯ. ನನ್ನ ಪಾರ್ಟ್‌ನರ್!

ಈ ಪಾರ್ಟ್‌ನರ್‌ಶಿಪ್ಪಿನ ಕಥೆ ಹೇಳಬೇಕು. ಟಿ. ನರಸೀಪುರದಿಂದಾಚೆ ಹೊಳೆಯ ನಡುವೆ ಒಂದು ಗಡ್ಡೆ. ಹತ್ತೊಂಬತ್ತು ಮನೆ (ಎಣಿಸಿದ್ದೇನೆ), ಎಲ್ಲರೂ ಮೀನು ಹಿಡಿಯುವವರು. ಅಲ್ಲಿಂದ ಕೆಂಚಯ್ಯ ಪ್ರತಿ ಭಾನುವಾರ ನಂಜನಗೂಡಿಗೆ ಬಂದು, ನಾನು ಕೆಲಸ ಮಾಡುವ ಫ್ಯಾಕ್ಟರಿಯ ಗೇಟಿನ ಮುಂದೆ ಮೀನು ಮಾರುತ್ತಿದ್ದ. 'ತೆಪ್ಪ ಸೋರ್ತದೆ ಸಾ. ಒಸದೊಂದಿದ್ರೆ ಎಲ್ಡರಷ್ಟು ತತ್ತೀನಿ' ಎನ್ನುತ್ತಿದ್ದ.

ನಾನು ಲೆಕ್ಕದ ಮನುಷ್ಯ. ಸೆಕೆಂಡ್ ಹ್ಯಾಂಡ್ ಸ್ಕೂಟರಿಗೆಂದು ಕೂಡಿಟ್ಟದ್ದನ್ನು ತೆಪ್ಪಕ್ಕೆ ಹಾಕಿದೆ. ಮಾರಿದ ಮೀನಿನಲ್ಲಿ ಅವನಿಗರ್ಧ, ನನಗರ್ಧ. ಒಳ್ಳೆಯ ಬಿದಿರು, ದಪ್ಪ ಪ್ಲಾಸ್ಟಿಕ್, ಮೇಲೆ ಎರಡು ಕೋಟ್ ಡಾಂಬರು. ಗಡ್ಡೆಯ ಉಳಿದ ತೆಪ್ಪಗಳೆಲ್ಲ ತೇಪೆಯ ಮೇಲೆ ತೇಪೆ. 'ಈ ಜನಕ್ಕೆ ಮುಂದೆ ಬರುವ ಆಸೆಯೇ ಇಲ್ಲವಲ್ಲ' ಎಂದು ಮರುಗಿದೆ.

ಹೊಸದನ್ನು ನೀರಿಗಿಳಿಸಿದ ದಿನ ಗಡ್ಡೆಯ ಜನವೆಲ್ಲ ಬಂದಿತ್ತು. 'ಇನ್ಮೇಲೆ ನಿಮ್ದೇ ಕೂಗಿನ ತೆಪ್ಪ ಬುಡಿ ಸಾ!' ಎಂದರು. ಹೆಸರುವಾಸಿ ಎಂದಿರಬೇಕು ಅಂದುಕೊಂಡು ಬೀಗಿದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಪಕ್ಕದ ಮನೆಯ ಮಾದಯ್ಯ. ಎಷ್ಟು ಒಳ್ಳೆಯ ನೆರೆಯವನು ಎನ್ನಿಸಿತ್ತು.

ಆಮೇಲೆ ಕೆಂಚಯ್ಯ ಗೇಟಿನ ಕಡೆ ತಲೆ ಹಾಕಲಿಲ್ಲ. ನನ್ನ ಡೈರಿಯಲ್ಲಿ ನಾಲ್ಕು ಭಾನುವಾರಗಳ ಮುಂದೆ ಮೀನು ಸೊನ್ನೆ. ಐದನೆಯ ಭಾನುವಾರ ಬಸ್ ಹತ್ತಿದೆ.

ಮುಂದಿನ ಟ್ರಿಪ್ಪಿನಲ್ಲಿ ದಾಟಿ, ಅವನ ಮನೆ ಮುಟ್ಟಿ, 'ಏನಯ್ಯಾ ಇದು?' ಎಂದೆ. ಉತ್ತರ ಕೊಟ್ಟವಳು ಅವನ ಹೆಂಡತಿ ನಿಂಗಮ್ಮ.

'ಕೂಗಿನ ತೆಪ್ಪ ಅಂದ್ರೆ ಇನ್ನೇನ್ ಸಾ? ಆಚೆ ದಡದಿಂದ ಯಾರು ಕೂಗುದ್ರೂ ಓಗ್ಬೇಕು. ಗಡ್ಡೇಲಿ ಯಾವ್ದು ಒಸದೋ ಅದೇ ಓಗ್ಬೇಕು. ಸೋರದು ತಕ್ಕೊಂಡೋಗಿ ಜನ ಮುಳುಗ್ಸಕ್ಕಾಯ್ತದಾ?'

'ಚಾರ್ಜು?'

'ಥೂ! ನೀರು ದಾಟ್ಸುದ್ಕೆ ಕಾಸು ಈಸ್ಕೊಂಡಾರಾ?'

ಮಾತು ಮುಗಿದಿರಲಿಲ್ಲ. ಆಚೆ ದಡದಿಂದ 'ತೆಪ್ಪಾ... ಓ!' ಕೇಳಿಸಿತು. ಎದುರಿಗಿಟ್ಟ ಮುದ್ದೆ ಬಿಟ್ಟು ಕೆಂಚಯ್ಯ ಎದ್ದು ಓಡಿದ. ಮುದ್ದೆಯ ಪಕ್ಕದಲ್ಲಿ ಇದ್ದದ್ದು ಬರೀ ಸೊಪ್ಪಿನ ಉಪ್ಪೆಸರು. ಮೀನು ಹಿಡಿಯುವವನ ಮನೆಯಲ್ಲಿ ಉಪ್ಪೆಸರು! ಬಲೆ ಗೋಡೆಯ ಮೇಲೆ ಒಣಗಿ ಬಿದ್ದಿತ್ತು. ಹಳೆಯ ತೆಪ್ಪ ಅಂಗಳದಲ್ಲಿ ಬೋರಲು ಬಿದ್ದು ಕೋಳಿಗೂಡಾಗಿತ್ತು.

'ಸೋರ್ತಿದ್ರೂ ಅದು ನಮ್ಗೆ ಅನ್ನ ಆಕ್ತಿತ್ತು' ಎಂದಳು ನಿಂಗಮ್ಮ. 'ಬೆಳ್ಗಿಂದ ಸಂದೆ ಗಂಟ ನೀರ್ ಮೇಲೇ ಅವ್ನೆ, ಒಂದು ಮೀನಿಲ್ಲ. ಒಳ್ಳೆ ಉಪಕಾರ ಮಾಡುದ್ರಿ ಸಾ.'

ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಊರ ಯಜಮಾನರ ಹತ್ತಿರ ಹೋಗಿ ಟೈಮ್ ಟೇಬಲ್ ಹಾಕೋಣ ಎಂದೆ: ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಸರ್ವಿಸ್, ಉಳಿದ ಹೊತ್ತು ಮೀನು.

ಯಜಮಾನರು ಬೀಡಿ ಆರಿಸಿ ಕೇಳಿದರು: 'ಮದ್ಯಾನ ಬಸುರಿಗೆ ನೋವು ಬಂದ್ರೆ ಸಂದೆಗೆ ಬಾ ಅನ್ನದಾ?'

ಇದಕ್ಕೆ ಏನು ಹೇಳುತ್ತೀರಿ? ನಾನು ದಡದ ದಾರಿ ಹಿಡಿದೆ.

ವಾಪಸ್ ದಾಟುವಾಗ ಕೆಂಚಯ್ಯನನ್ನು ಕೇಳಿದೆ: 'ಮೊದಲೇ ಯಾಕಯ್ಯಾ ಹೇಳಲಿಲ್ಲ?'

'ಒಸ ತೆಪ್ಪದ ಆಸೇಲಿ ಕೂಗಿನ ಗ್ಯಾನ್ವೇ ಬರ್ನಿಲ್ಲ ಸಾ. ಇಷ್ಟು ವರ್ಸ ಮಾದಯ್ಯನ್ದೇ ಒಸದಾಗಿತ್ತಲ್ಲ.'

ಮಾದಯ್ಯ! ಆ ನಗು ಈಗ ಅರ್ಥವಾಯಿತು. ನಾಲ್ಕು ವಾರಗಳಿಂದ ನಮ್ಮ ಗೇಟಿನ ಮುಂದೆ, ಕೆಂಚಯ್ಯನದೇ ಜಾಗದಲ್ಲಿ, ಮೀನು ಮಾರುತ್ತಿರುವವನು ಅವನೇ. (ಹಿಂದಿನ ವಾರ ಕೆಂಚಯ್ಯ ಎಲ್ಲಿ ಎಂದು ಕೇಳಿದ್ದಕ್ಕೆ 'ನೀರ್ ಮೇಲವ್ನೆ ಸಾ' ಎಂದಿದ್ದ; ನಾನೇ ಅವನಿಗೆ ಟೀ ಕುಡಿಸಿದ್ದೆ.) ಆ ತೇಪೆಗಳೂ ಅರ್ಥವಾದವು. ಹೊಸದು ಹಾಕಿಸುವಷ್ಟು ದಡ್ಡರು ಗಡ್ಡೆಯಲ್ಲಿ ಯಾರೂ ಇಲ್ಲ.

'ಹಾಗಾದರೆ ನಿನಗೆ ಬಿಡುಗಡೆ ಯಾವಾಗ?'

'ಇದ್ಕಿಂತ ಒಸದು ನೀರಿಗಿಳುದ್ ದಿನ.'

ಓದುಗರೇ, ಮೀನಿನ ವ್ಯಾಪಾರಕ್ಕೆ ಬಂಡವಾಳ ಹಾಕುವ ಆಸೆ ನಿಮ್ಮಲ್ಲಿ ಯಾರಿಗಾದರೂ ಇದೆಯೇ?